ಕಿಲಾಡಿ ಕ್ಯಾಪ್ಟನ್ ಏನು ಮಾಡ್ತಾನೆ?

ಕಳೆದ ಸಂಚಿಕೆಯಲ್ಲಿ ‘ಮುಂದಿನ ಕಾಲದ ಕ್ರಿಕೆಟ್‌ಗೆ ನೀವೇ ಒಂದು ಹೊಸ ನಿಯಮ ಬರೆದು ಕಳಿಸಿ’ ಎಂದು ಕೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಒಬ್ಬರಿಗೆ ಚೌಕಾಕಾರದ ಮೈದಾನ ಬೇಕಂತೆ. ಇನ್ನೊಬ್ಬರಿಗೆ ವಿಕೆಟ್ ಕೀಪರ್ ಇರಲೇಬಾರದಂತೆ. (ಕೀಪರ್ ಕೈಗೆ ಕ್ಯಾಚ್ ಕೊಟ್ಟ ನೋವು ಇನ್ನೂ ಆರಿಲ್ಲ ಅಂತ ಕಾಣುತ್ತದೆ.) ಎಲ್ಲಕ್ಕೂ ಉತ್ತರಿಸಲು ಜಾಗವಿಲ್ಲ. ಕೆಲವನ್ನು ಆರಿಸಿಕೊಂಡಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ. ನಾನು ಆಡಿದವನಲ್ಲ, ಬರೆದವನು. 31 ವರ್ಷ ಕ್ಲಬ್ ಪಂದ್ಯಗಳಿಗೆ ಸ್ಕೋರರ್ ಆಗಿದ್ದೆ. ಎರಡು ಪೆನ್ಸಿಲ್, ಒಂದು ರಬ್ಬರ್, ಗಾಳಿಗೆ ಹಾಳೆ ಹಾರದ ಹಾಗೆ ಇಡಲು ಒಂದು ಹಳೇ ಚೆಂಡು. ಇಷ್ಟೇ ನನ್ನ ಕಿಟ್. ಕ್ರಿಕೆಟ್ ಕಾನೂನಿನಲ್ಲಿ 3ನೇ ನಿಯಮ ಪೂರ್ತಿ ಸ್ಕೋರರ್‌ಗಳ ಬಗ್ಗೆ ಇದೆ. ಚೆಂಡಿಗೆ 4ನೇ ಜಾಗ, ಬ್ಯಾಟಿಗೆ 5ನೇದು. ನಾವು ಅವರಿಗಿಂತ ಮುಂದೆ. ಈ ಹೆಮ್ಮೆ ಬಿಟ್ಟರೆ ಆ ಕೆಲಸದಲ್ಲಿ ಸಿಗುವುದು ಬೆನ್ನುನೋವು ಮಾತ್ರ.

ಯಾವ ನಿಯಮದ ಮಾತು ಬಂದರೂ ನೀವು ‘ಕಿಲಾಡಿ ಕ್ಯಾಪ್ಟನ್ ಏನು ಮಾಡ್ತಾನೆ?’ ಅಂತ ಕೇಳುತ್ತೀರಿ. ಯಾರು ಸ್ವಾಮಿ ಆ ಕ್ಯಾಪ್ಟನ್? ಆಟಗಾರರ ಮೇಲೆ ಅಷ್ಟು ಅನುಮಾನವೇಕೆ?
— ಬಹಳ ವರ್ಷದ ಓದುಗರು

ಅನುಮಾನ ಅಲ್ಲ, ಗೌರವ. 1979ರಲ್ಲಿ ನಡೆದ ಎರಡು ಪಂದ್ಯಗಳ ಕಥೆ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

ಮೊದಲನೆಯದು ಆ ವರ್ಷದ ಮೇ ತಿಂಗಳಲ್ಲಿ, ಇಂಗ್ಲೆಂಡಿನ ವೂಸ್ಟರ್‌ನಲ್ಲಿ. ಬೆನ್ಸನ್ ಅಂಡ್ ಹೆಡ್ಜಸ್ ಕಪ್, ಒಂದು ದಿನದ ಪಂದ್ಯ. ಸಾಮರ್‌ಸೆಟ್ ತಂಡ ಗುಂಪಿನಲ್ಲಿ ಮುಂದಿತ್ತು. ಈ ಪಂದ್ಯ ಸೋತರೂ ಪರವಾಗಿಲ್ಲ, ಆದರೆ ಒಂದು ವಿಕೆಟ್ಟಿಗೆ ಎಷ್ಟು ಎಸೆತ ಬೇಕಾಯಿತು ಅನ್ನುವ ಬೌಲಿಂಗ್‌ನ ಲೆಕ್ಕಾಚಾರ ಕೆಡಬಾರದು. ಕೆಟ್ಟರೆ ಮುಂದಿನ ಸುತ್ತು ತಪ್ಪಬಹುದು. ನಾಯಕ ಬ್ರಯಾನ್ ರೋಸ್ ನಿಯಮದ ಪುಸ್ತಕ ಓದಿದರು. ಒಂದು ದಿನದ ಪಂದ್ಯದಲ್ಲಿ ಡಿಕ್ಲೇರ್ ಮಾಡಬಾರದು (ಇಷ್ಟು ರನ್ ಸಾಕು ಅಂತ ಇನಿಂಗ್ಸ್ ತಾವೇ ನಿಲ್ಲಿಸಬಾರದು) ಅಂತ ಎಲ್ಲೂ ಬರೆದಿರಲಿಲ್ಲ. ಸರಿ, ಒಂದೇ ಓವರ್ ಆಡಿ, ವಿಕೆಟ್ ಇಲ್ಲದೆ 1 ರನ್ ಆದಾಗ ಡಿಕ್ಲೇರ್ ಮಾಡಿಬಿಟ್ಟರು. ಆ ಒಂದು ರನ್ ಕೂಡ ನೋಬಾಲಿನದ್ದು. ಎದುರಾಳಿಗಳು ಹತ್ತು ಎಸೆತದಲ್ಲಿ ಪಂದ್ಯ ಗೆದ್ದರು. ಎರಡೂ ಇನಿಂಗ್ಸ್ ಸೇರಿ ಮೂರು ಓವರ್ ಕೂಡ ತುಂಬಲಿಲ್ಲ. ಆಮೇಲೆ ಗಲಾಟೆ ಎದ್ದು ಸಾಮರ್‌ಸೆಟ್ಟನ್ನು ಟೂರ್ನಿಯಿಂದ ಹೊರಗೆ ಹಾಕಿದರು. ಒಂದು ದಿನದ ಪಂದ್ಯಗಳಲ್ಲಿ ಡಿಕ್ಲರೇಷನ್ನೇ ಬೇಡ ಎಂದು ನಿಯಮ ತಂದರು. ಆ ದಿನದ ಸ್ಕೋರರ್‌ಗಳ ಮುಖ ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ. ಪೆನ್ಸಿಲ್ ಚೂಪು ಮಾಡುವಷ್ಟರಲ್ಲಿ ಪಂದ್ಯವೇ ಮುಗಿದಿತ್ತು.

ಎರಡನೆಯದು ಅದೇ ನವೆಂಬರ್‌ನಲ್ಲಿ, ಸಿಡ್ನಿಯಲ್ಲಿ. ವೆಸ್ಟ್ ಇಂಡೀಸ್‌ಗೆ ಕೊನೆಯ ಎಸೆತದಲ್ಲಿ 3 ರನ್ ಬೇಕು. ಇಂಗ್ಲೆಂಡ್ ನಾಯಕ ಮೈಕ್ ಬ್ರಿಯರ್ಲಿ ಎಲ್ಲಾ ಫೀಲ್ಡರ್‌ಗಳನ್ನೂ ಬೌಂಡರಿ ಗೆರೆಗೆ ಕಳಿಸಿದರು. ಎಲ್ಲಾ ಅಂದರೆ ವಿಕೆಟ್ ಕೀಪರ್ ಕೂಡ! ತಪ್ಪೇನೂ ಇಲ್ಲ, ನಿಯಮ ತಡೆದಿರಲಿಲ್ಲ. ಈಗ ಟಿವಿಯಲ್ಲಿ ಕಾಣುವ ಒಳವೃತ್ತ, ಹೊರಗೆ ಇಷ್ಟೇ ಜನ ಇರಬೇಕು ಅನ್ನುವ ಲೆಕ್ಕ, ಇವೆಲ್ಲ ಗಟ್ಟಿಯಾದದ್ದು ಇಂಥ ತಲೆಗಳಿಂದಲೇ.

ಇಬ್ಬರೂ ಮೋಸಗಾರರಲ್ಲ. ಬರೆದದ್ದನ್ನು ಬರೆದ ಹಾಗೆ ಓದಿದರು, ಅಷ್ಟೇ. ಹೊಸ ನಿಯಮ ಬರೆಯುವವರು ಪ್ರೇಕ್ಷಕರನ್ನು ನೆನೆಸಿಕೊಂಡು ಬರೆಯುತ್ತಾರೆ. ಅದನ್ನು ಮೊದಲು ಓದುವವನು ಕ್ಯಾಪ್ಟನ್.

100 ಮೀಟರ್ ದಾಟಿದ ಸಿಕ್ಸರ್‌ಗೆ 12 ರನ್ ಕೊಟ್ಟರೆ ಆಟ ಎಷ್ಟು ರೋಚಕ ಆಗುತ್ತೆ ಅಲ್ವಾ ಸರ್? ಕಷ್ಟಪಟ್ಟು ದೂರ ಹೊಡೆದವರಿಗೂ ಹಗ್ಗದ ಮೇಲೆ ಬೀಳಿಸಿದವರಿಗೂ ಒಂದೇ ಬೆಲೆ ಯಾಕೆ?
— ಕಾಲೇಜು ವಿದ್ಯಾರ್ಥಿ

ಈ ಸಲ ಅತಿ ಹೆಚ್ಚು ಪತ್ರ ಬಂದದ್ದು ಈ ಯೋಚನೆಗೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಪ್ಪ.

ಮೊದಲು ಒಂದು ಸುದ್ದಿ. ನಿನ್ನ ನಿಯಮ ಹೊಸದಲ್ಲ, ತೀರಾ ಹಳೇದು. 1910ರವರೆಗೆ ಆರು ರನ್ ಬೇಕು ಅಂದರೆ ಚೆಂಡನ್ನು ಬೌಂಡರಿ ದಾಟಿಸಿದರೆ ಸಾಲುತ್ತಿರಲಿಲ್ಲ, ಮೈದಾನದಿಂದಲೇ ಹೊರಗೆ ಕಳಿಸಬೇಕಿತ್ತು. ಇಂಗ್ಲೆಂಡಿನಲ್ಲಿ ಬೌಂಡರಿ ಮೇಲೆ ಹಾರಿಸಿದರೂ ನಾಲ್ಕೇ. ಅಂದರೆ ದೂರಕ್ಕೆ ಬೇರೆ ಬೆಲೆ ಆಗಲೇ ಇತ್ತು. ಮೈದಾನಗಳೆಲ್ಲ ಒಂದೇ ಅಳತೆಯವಲ್ಲ, ಗೋಡೆ ಎಲ್ಲೆಲ್ಲೋ ಇರುತ್ತದೆ. ಅದಕ್ಕೇ ‘ಗೆರೆ ದಾಟಿತಾ, ಇಲ್ಲವಾ’ ಅನ್ನುವ ಸುಲಭದ ಪ್ರಶ್ನೆ ಗೆದ್ದಿತು.

ಈಗಲೂ ಅಷ್ಟೆ. ಪುರುಷರ ಅಂತಾರಾಷ್ಟ್ರೀಯ ಪಂದ್ಯದಲ್ಲಿ ಬೌಂಡರಿ 65 ಗಜಕ್ಕಿಂತ ಹತ್ತಿರ ಇರಬಾರದು, 90 ಗಜಕ್ಕಿಂತ ದೂರ ಇರಬಾರದು. ಇದರ ನಡುವೆ ಹಗ್ಗ ಎಲ್ಲಿ ಬೇಕಾದರೂ ಇರಬಹುದು. ಇನ್ನು 100 ಮೀಟರನ್ನು ಅಳೆಯುವವರು ಯಾರು? ಟಿವಿಯಲ್ಲಿ ತೋರಿಸುವ ದೂರ ಬಹಳ ಸಲ ಅಂದಾಜು. ಚೆಂಡು ಗ್ಯಾಲರಿಯ ಮೇಲಂತಸ್ತಿಗೆ ಬಡಿದರೆ, ಅದು ಬಡಿಯದೆ ಹೋಗಿದ್ದರೆ ಎಲ್ಲಿ ಬೀಳುತ್ತಿತ್ತು ಅನ್ನುವ ಲೆಕ್ಕ. ಅಂದಾಜಿನ ಮೇಲೆ ಆರು ರನ್ ಜಾಸ್ತಿ ಕೊಡುವುದಾ? ಅಂಪೈರ್ ಎರಡು ಕೈ ಎತ್ತುತ್ತಾರೆ, ನಾನು ಇಲ್ಲಿಂದ ಕೈ ಎತ್ತಿ ‘ಬರೆದುಕೊಂಡೆ’ ಅನ್ನುತ್ತೇನೆ, ಆಟ ಮುಂದೆ ಹೋಗುತ್ತದೆ. ಈ ಎರಡು ಸೆಕೆಂಡಿನ ಮಾತುಕತೆ ಕ್ಯಾಮೆರಾ ಇಲ್ಲದ ಮೈದಾನದಲ್ಲೂ ನಡೆಯಬೇಕು.

ಇನ್ನು ನಮ್ಮ ಕಿಲಾಡಿ ಕ್ಯಾಪ್ಟನ್. ಅವನು ಮಾಡುವ ಮೊದಲ ಕೆಲಸ, ಗಾಳಿಯಲ್ಲಿ ಚೆಂಡನ್ನು ತೇಲಿಸುವ ಸ್ಪಿನ್ನರ್‌ನನ್ನು ತಂಡದಿಂದ ತೆಗೆಯುವುದು. ಒಂದು ಎಸೆತಕ್ಕೆ 12 ಹೋಗುವುದಾದರೆ ಆ ಧೈರ್ಯ ಯಾರಿಗೆ ಬೇಕು? ನೀನು ರೋಚಕತೆ ಕೇಳಿದೆ, ಸಿಗುವುದು ಕಾಲ್ಬೆರಳಿಗೆ ಬೀಳುವ ಯಾರ್ಕರ್ ಮತ್ತು ಆಫ್ ಸ್ಟಂಪಿನಿಂದ ಮಾರು ದೂರದ ವೈಡ್.

ಹಾಗಂತ ರನ್ ಎರಡರಷ್ಟು ಮಾಡುವುದೇ ತಪ್ಪು ಅನ್ನುವುದಿಲ್ಲ. ನ್ಯೂಜಿಲೆಂಡಿನ ಮಾರ್ಟಿನ್ ಕ್ರೋ 1996ರಲ್ಲಿ ‘ಕ್ರಿಕೆಟ್ ಮ್ಯಾಕ್ಸ್’ ಅಂತ ಒಂದು ಆಟ ಹುಟ್ಟುಹಾಕಿದರು. ಟಿ20ಗಿಂತ ಏಳು ವರ್ಷ ಮೊದಲು. ಅದರಲ್ಲಿ ಬೌಲರ್ ಹಿಂದಿನ ನೇರ ಭಾಗಕ್ಕೆ ‘ಮ್ಯಾಕ್ಸ್ ಜೋನ್’ ಅಂತ ಹೆಸರು. ಅಲ್ಲಿಗೆ ಹೊಡೆದರೆ ರನ್ ಎರಡರಷ್ಟು. ಸಿಕ್ಸರ್ ಹೋದರೆ, ಹೌದು, 12! 2002ರಲ್ಲಿ ಭಾರತ ಕ್ರೈಸ್ಟ್‌ಚರ್ಚ್‌ನಲ್ಲಿ ಅದನ್ನು ಒಮ್ಮೆ ಆಡಿತು. ಸಚಿನ್ ತೆಂಡೂಲ್ಕರ್ 27 ಎಸೆತದಲ್ಲಿ 72 ಹೊಡೆದರು. ಅಲ್ಲಿ ಕ್ರೋ ಬೆಲೆ ಕಟ್ಟಿದ್ದು ತೋಳಿನ ಬಲಕ್ಕಲ್ಲ, ನೇರ ಬ್ಯಾಟಿಗೆ. ಆ ಯೋಚನೆ ನನಗೆ ಇಷ್ಟ. ಆಟ ಉಳಿಯಲಿಲ್ಲ ಅನ್ನುವುದು ಬೇರೆ ಮಾತು.

ಇನ್ನೂ ಚೆಂದದ ಉದಾಹರಣೆ ಅಂಧರ ಕ್ರಿಕೆಟ್‌ನಲ್ಲಿದೆ. ಚೆಂಡಿನೊಳಗೆ ಸದ್ದು ಮಾಡುವ ಗುಂಡುಗಳು. ಬೌಲರ್ ‘ರೆಡಿ?’ ಅನ್ನಬೇಕು, ಬ್ಯಾಟರ್ ‘ಯೆಸ್’ ಅನ್ನಬೇಕು, ‘ಪ್ಲೇ’ ಅಂದು ಕೈ ಕೆಳಗಿನಿಂದ ಎಸೆಯಬೇಕು. ತಂಡದಲ್ಲಿ ಪೂರ್ತಿ ದೃಷ್ಟಿ ಇಲ್ಲದವರು ಕನಿಷ್ಠ ನಾಲ್ಕು ಜನ ಇರಲೇಬೇಕು. ಅವರು ಹೊಡೆದ ಪ್ರತಿ ರನ್ನೂ ಎರಡಾಗುತ್ತದೆ. ಈಗ ಕಿಲಾಡಿ ಕ್ಯಾಪ್ಟನ್ ಏನು ಮಾಡ್ತಾನೆ? ಅವರನ್ನು ಕೊನೆಗೆ ಬಚ್ಚಿಡುವುದಿಲ್ಲ, ಮುಂದಕ್ಕೆ ಕಳಿಸುತ್ತಾನೆ. ನಿಯಮ ಬರೆದವರಿಗೆ ಬೇಕಾಗಿದ್ದೂ ಅದೇ. ಕಿಲಾಡಿಯ ಸ್ವಾರ್ಥವನ್ನೇ ಬಳಸಿಕೊಂಡು ಒಳ್ಳೇ ಕೆಲಸ ಮಾಡಿಸುವ ಇಂಥ ನಿಯಮ ಕ್ರಿಕೆಟ್‌ನಲ್ಲಿ ಬಹಳ ಇಲ್ಲ.

ನಾಲ್ಕು ಸ್ಟಂಪ್ ಯಾವಾಗ ಬರುತ್ತದೆ?
— ಎಲ್ಲರ ಕೈಲೂ ಹೊಡೆಸಿಕೊಂಡ ಬೌಲರ್

ಮೂರನೆಯದು ಬರಲೂ ಒಬ್ಬ ಬೌಲರ್ ಹೊಟ್ಟೆ ಉರಿಸಿಕೊಳ್ಳಬೇಕಾಯಿತು. ಮುಂದಿನ ಉತ್ತರ ಓದಿ.

ಪ್ರತಿ ವರ್ಷ ಒಂದೊಂದು ನಿಯಮ ಬದಲಾದರೆ ಆಟದ ಗತಿ ಏನು? ನಮ್ಮ ಹಿರಿಯರು ಆಡಿದ ಕ್ರಿಕೆಟ್ಟನ್ನು ಹಾಗೇ ಉಳಿಸಿಕೊಳ್ಳಲು ಆಗುವುದಿಲ್ಲವೇ?
— ನಿವೃತ್ತ ಶಿಕ್ಷಕರು

ಯಾವ ಹಿರಿಯರ ಕ್ರಿಕೆಟ್, ಮೇಷ್ಟ್ರೇ?

1771ರಲ್ಲಿ ಇಂಗ್ಲೆಂಡಿನ ಚರ್ಟ್ಸಿ ತಂಡದ ಥಾಮಸ್ ವೈಟ್ ಎಂಬಾತ ಹ್ಯಾಂಬಲ್‌ಡನ್ ವಿರುದ್ಧದ ಪಂದ್ಯಕ್ಕೆ ವಿಕೆಟ್ಟಿನಷ್ಟೇ ಅಗಲದ ಬ್ಯಾಟ್ ಹಿಡಿದು ಬಂದ. ಚೆಂಡು ಸ್ಟಂಪಿಗೆ ತಾಗಲು ದಾರಿಯೇ ಇಲ್ಲ. ನಿಯಮ? ಅಗಲದ ಬಗ್ಗೆ ನಿಯಮವೇ ಇರಲಿಲ್ಲ. ಕಿಲಾಡಿಗಳು ಆಗಲೂ ಇದ್ದರು ನೋಡಿ. ಹ್ಯಾಂಬಲ್‌ಡನ್‌ನವರು ಬಿಸಿ ಬಿಸಿಯಲ್ಲೇ ನಾಲ್ಕೂಕಾಲು ಇಂಚಿಗಿಂತ ಅಗಲ ಬೇಡ ಅಂತ ಬರೆದು ಸಹಿ ಹಾಕಿದರು. 1774ರ ಕಾನೂನಿಗೆ ಅದು ಸೇರಿತು. ಇವತ್ತಿಗೂ ಬ್ಯಾಟಿನ ಅಗಲ ಅಷ್ಟೇ.

ಆಗ ಇದ್ದದ್ದು ಎರಡು ಸ್ಟಂಪ್, ಮೇಲೆ ಅಡ್ಡಕ್ಕೆ ಒಂದು ಕಡ್ಡಿ, ಅದೇ ಬೇಲ್. 1775ರಲ್ಲಿ ಲಂಪಿ ಸ್ಟೀವನ್ಸ್ ಎಂಬ ಬೌಲರ್, ಜಾನ್ ಸ್ಮಾಲ್ ಎಂಬ ಬ್ಯಾಟರ್‌ಗೆ ಎಸೆದ ಚೆಂಡು ಮೂರು ಸಲ ಎರಡು ಸ್ಟಂಪಿನ ಸಂದಿಯಲ್ಲಿ ನುಗ್ಗಿ ಆಚೆ ಹೋಯಿತು. ಬೇಲ್ ಅಲುಗಲಿಲ್ಲ. ಸ್ಮಾಲ್ ಔಟಾಗಲಿಲ್ಲ. ತಂಡವನ್ನು ಗೆಲ್ಲಿಸಿಯೂಬಿಟ್ಟ. ಇದು ಅನ್ಯಾಯ ಅಂತ ನಡುವೆ ಮೂರನೆಯ ಸ್ಟಂಪ್ ಬಂತು. ಒಬ್ಬ ಬೌಲರ್‌ನ ಮೂರು ನಿಟ್ಟುಸಿರಿನಿಂದ ಹುಟ್ಟಿದ ಕಂಬ ಅದು.

ಓವರ್ ಅಂದರೆ ಆರು ಎಸೆತ ಅನ್ನುವುದೂ ಸನಾತನವಲ್ಲ. ಇಂಗ್ಲೆಂಡಿನಲ್ಲಿ ಮೊದಲು ನಾಲ್ಕು ಇತ್ತು. 1889ರಲ್ಲಿ ಐದಾಯಿತು, 1900ರಲ್ಲಿ ಆರು. ಆಸ್ಟ್ರೇಲಿಯಾದಲ್ಲಿ 1978-79ರವರೆಗೂ ಎಂಟು. 1971ರ ಜನವರಿ 5ರಂದು ಮೆಲ್ಬರ್ನ್‌ನಲ್ಲಿ ಆಡಿದ ಮೊದಲ ಒಂದು ದಿನದ ಅಂತಾರಾಷ್ಟ್ರೀಯ ಪಂದ್ಯ ಇದ್ದದ್ದು ಎಂಟು ಎಸೆತದ 40 ಓವರ್. ಅದೂ ಯಾರೋ ಕೂತು ಯೋಚಿಸಿ ಕಟ್ಟಿದ್ದಲ್ಲ. ಟೆಸ್ಟ್ ಮಳೆಗೆ ಕೊಚ್ಚಿಹೋಯಿತು, ಜನರಿಗೆ ಏನಾದರೂ ತೋರಿಸಬೇಕಿತ್ತು. ಈಗ ಇಂಗ್ಲೆಂಡಿನ ‘ದಿ ಹಂಡ್ರೆಡ್’ನಲ್ಲಿ ಐದೈದು ಎಸೆತಕ್ಕೆ ಅಂಪೈರ್ ಬಿಳಿ ಕಾರ್ಡ್ ಎತ್ತುತ್ತಾರೆ. ಒಬ್ಬ ಬೌಲರ್ ಬೇಕಾದರೆ ಹತ್ತನ್ನೂ ಒಟ್ಟಿಗೆ ಎಸೆಯಬಹುದು. ಜನ ‘ಓವರ್‌ನೇ ಕೊಂದರು’ ಎಂದು ಬೈದರು. ಐದು ಎಸೆತದ ಲೆಕ್ಕ 1889ರಷ್ಟು ಹಳೇದು, ಪಾಪ.

ಮೇಷ್ಟ್ರೇ, ನಿಮ್ಮ ಆತಂಕದಲ್ಲಿ ಒಂದು ಪಾಲು ನನಗೂ ಇದೆ. ಹಿಂದೆ ತೊಂದರೆ ಮೊದಲು ಬರುತ್ತಿತ್ತು, ನಿಯಮ ಅದರ ಹಿಂದೆ. ಈಗ ಸುಮ್ನೆ ಸೀಸನ್‌ಗೊಂದು ಹೊಸದು ಬೇಕು ಅಂತ ನಿಯಮ ಮೊದಲು ಬರುತ್ತದೆ, ತೊಂದರೆ ಆಮೇಲೆ. ಆಸ್ಟ್ರೇಲಿಯಾದ ಬಿಗ್ ಬ್ಯಾಷ್ 2020-21ರಲ್ಲಿ ಒಟ್ಟಿಗೇ ಮೂರು ಹೊಸ ನಿಯಮ ತಂದಿತು. ಎರಡನ್ನು ಬೇಗನೇ ಕೈಬಿಟ್ಟಿತು.

ನನ್ನ ಮಗ ಆಲ್‌ರೌಂಡರ್. ಹತ್ತು ರನ್ ಹೊಡೆಯುತ್ತಾನೆ, ಎರಡು ಓವರ್ ಎಸೆಯುತ್ತಾನೆ. ಇಂಪ್ಯಾಕ್ಟ್ ಪ್ಲೇಯರ್ ನಿಯಮ ಹೀಗೇ ಮುಂದುವರಿದರೆ ಅವನಂಥವರಿಗೆ ಜಾಗ ಎಲ್ಲಿ?
— ಒಬ್ಬ ತಾಯಿ

ಅಮ್ಮಾ, ನಿಮ್ಮ ಮಾತು ಸರಿ. 2023ರಿಂದ ಐಪಿಎಲ್‌ನಲ್ಲಿ ಹನ್ನೊಂದು ಜನರ ಜೊತೆ ಐದು ಬದಲಿ ಹೆಸರು ಕೊಟ್ಟು, ಒಬ್ಬರನ್ನು ಪಂದ್ಯದ ನಡುವೆ ಇಳಿಸಬಹುದು. ಕ್ಯಾಪ್ಟನ್ ಏನು ಮಾಡುತ್ತಾನೆ? ಬ್ಯಾಟಿಂಗ್ ಮಾಡುವಾಗ ಒಬ್ಬ ಪೂರಾ ಬ್ಯಾಟರ್, ಬೌಲಿಂಗ್ ಮಾಡುವಾಗ ಒಬ್ಬ ಪೂರಾ ಬೌಲರ್. ಎರಡನ್ನೂ ಅರ್ಧರ್ಧ ಮಾಡುವವನು ಬೆಂಚಿನಲ್ಲಿ ನೀರಿನ ಬಾಟಲಿ ಹಿಡಿದು ಕೂರುತ್ತಾನೆ. ಆಲ್‌ರೌಂಡರ್‌ಗಳಿಗೆ ಇದರಿಂದ ಪೆಟ್ಟು ಅಂತ ರೋಹಿತ್ ಶರ್ಮಾ ಕೂಡ ಬಹಿರಂಗವಾಗಿ ಹೇಳಿದ್ದಾರೆ.

ಇದರ ದೊಡ್ಡಣ್ಣ 2005ರಲ್ಲೇ ಬಂದಿದ್ದ. ‘ಸೂಪರ್‌ಸಬ್’ ಅಂತ ಹೆಸರು. ಒಂದು ದಿನದ ಪಂದ್ಯಗಳಲ್ಲಿ ಬದಲಿ ಆಟಗಾರನ ಹೆಸರನ್ನು ಟಾಸ್‌ಗೆ ಮೊದಲೇ ಹೇಳಬೇಕಿತ್ತು. ಬದಲಿ ಬೌಲರ್ ಅಂತ ಬರೆದುಕೊಟ್ಟು, ಟಾಸ್ ಸೋತು ಮೊದಲು ಬೌಲಿಂಗ್ ಬಂತು ಅನ್ನಿ. ಅವನ ಕೆಲಸ ಅರ್ಧ ಅಲ್ಲೇ ಮುಗಿಯಿತು. ಟಾಸ್ ಗೆದ್ದವರಿಗೆ ಹನ್ನೆರಡು ಜನ, ಸೋತವರಿಗೆ ಹನ್ನೊಂದೂವರೆ. ವರ್ಷ ತುಂಬುವ ಮೊದಲೇ ತೆಗೆದು ಹಾಕಿದರು. ಐಪಿಎಲ್ ಈ ತಪ್ಪನ್ನು ತಿದ್ದಿಕೊಂಡಿದೆ, ಟಾಸ್ ಆದ ಮೇಲೆ ಹೆಸರು ಕೊಟ್ಟರೆ ಸಾಕು. ಆದರೆ ನಿಮ್ಮ ಮಗನ ಸಮಸ್ಯೆ ಹಾಗೇ ಉಳಿಯಿತು.

ನಾನಾಗಿದ್ದರೆ ಒಂದು ಸಾಲು ಸೇರಿಸುತ್ತಿದ್ದೆ: ಬದಲಿಯಾಗಿ ಬಂದವನು ಬ್ಯಾಟಿಂಗ್ ಮಾಡಬಹುದು ಇಲ್ಲವೇ ಫೀಲ್ಡಿಂಗ್ ಮಾಡಬಹುದು, ಬೌಲಿಂಗ್ ಮಾಡುವ ಹಾಗಿಲ್ಲ. ಆಗ ಬೌಲಿಂಗ್ ಲೆಕ್ಕವನ್ನು ಮೊದಲ ಹನ್ನೊಂದರಲ್ಲೇ ಹೊಂದಿಸಬೇಕು. ಎರಡು ಓವರ್ ಎಸೆಯುವ ಹುಡುಗನಿಗೆ ತಾನಾಗೇ ಬೆಲೆ ಬರುತ್ತದೆ.

ಗಾಯಕ್ಕೆ ಬದಲಿ ಕೊಡುವುದು ಬೇರೆ ವಿಷಯ, ಅದನ್ನು ಇದರ ಜೊತೆ ಕಲಸಬೇಡಿ. ತಲೆಗೆ ಪೆಟ್ಟಾದರೆ ಬದಲಿ ಕೊಡುವ ನಿಯಮ 2019ರಲ್ಲಿ ಬಂತು, ಬರಲೇಬೇಕಿತ್ತು. ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಜಾಗಕ್ಕೆ ಮಾರ್ನಸ್ ಲಬುಶೇನ್ ಬಂದದ್ದು ಮೊದಲನೆಯದು. ಉಳಿದ ಗಾಯಗಳಿಗೆ? ಇಲ್ಲಿ ನನ್ನ ತಲೆ ಒಂದು ಹೇಳುತ್ತದೆ, ಎದೆ ಇನ್ನೊಂದು. 2025ರ ಇಂಗ್ಲೆಂಡ್ ಸರಣಿಯಲ್ಲಿ ರಿಷಭ್ ಪಂತ್ ಮುರಿದ ಪಾದದಲ್ಲಿ ಕುಂಟುತ್ತಾ ಬ್ಯಾಟಿಂಗ್‌ಗೆ ಬಂದರು. ಇಂಗ್ಲೆಂಡಿನ ಕ್ರಿಸ್ ವೋಕ್ಸ್ ಒಂದು ಕೈಯನ್ನು ಸ್ವೆಟರ್ ಒಳಗೆ ಕಟ್ಟಿಕೊಂಡು ಇಳಿದರು. 2002ರಲ್ಲಿ ಆಂಟಿಗಾದಲ್ಲಿ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು ಲಾರಾ ವಿಕೆಟ್ ತೆಗೆದರು. ಬದಲಿ ನಿಯಮ ಇದ್ದಿದ್ದರೆ ಇವು ಯಾವುವೂ ನಡೆಯುತ್ತಿರಲಿಲ್ಲ. ಆದರೆ ನಮಗೆ ರೋಮಾಂಚನ ಆಗಲಿ ಅಂತ ಮುರಿದ ಮೂಳೆಯವನನ್ನು ಮೈದಾನಕ್ಕೆ ಕಳಿಸುವುದು ಎಲ್ಲಿಯ ನ್ಯಾಯ? ಬದಲಿ ಕೊಡಿ ಅನ್ನುತ್ತೇನೆ. ಸ್ಕ್ಯಾನ್ ನೋಡಿ, ಎರಡೂ ತಂಡಕ್ಕೆ ಸೇರದ ವೈದ್ಯರು ಹೇಳಿದ ಮೇಲೆ ಮಾತ್ರ. ಇಲ್ಲದಿದ್ದರೆ ಕಿಲಾಡಿ ಕ್ಯಾಪ್ಟನ್ ತಂಡದಲ್ಲಿ ನಾಲ್ಕನೇ ದಿನ, ಪಿಚ್ ತಿರುಗಲು ಶುರುವಾದ ಹೊತ್ತಿಗೆ ಸರಿಯಾಗಿ ವೇಗದ ಬೌಲರ್‌ಗೆ ಸ್ನಾಯು ಸೆಳೆಯುತ್ತದೆ.

ಮುಂದೆ ಅಂಪೈರ್ ಬದಲು ರೋಬೋ ಬರುತ್ತಾ?

ಬರಲಿ. ಟೋಪಿ, ಸ್ವೆಟರ್ ಯಾರ ಕೈಗೆ ಕೊಡುತ್ತೀರಿ?

ಔಟಾದ ಹುಡುಗರನ್ನು ಹೊರಗೆ ಕೂರಿಸುವುದು ಕ್ರೂರ. ಮೊದಲ ಎಸೆತಕ್ಕೆ ಔಟಾದರೆ ಅವತ್ತಿನ ಆಟವೇ ಮುಗಿಯಿತು. ಔಟಾದರೆ 5 ರನ್ ಕಳೆದು ಆಟ ಮುಂದುವರಿಸಬಹುದಲ್ಲ?
— ಮಕ್ಕಳಿಗೆ ಕ್ರಿಕೆಟ್ ಕಲಿಸುವವರು

ಒಳಾಂಗಣ ಕ್ರಿಕೆಟ್‌ನಲ್ಲಿ ಇದೇ ನಿಯಮ. ತಂಡಕ್ಕೆ ಎಂಟು ಜನ, ಜೋಡಿ ಜೋಡಿಯಾಗಿ ನಾಲ್ಕು ಓವರ್ ಬ್ಯಾಟಿಂಗ್, ಔಟಾದಾಗಲೆಲ್ಲ 5 ರನ್ ಕಡಿತ. ಎಲ್ಲರಿಗೂ ಬ್ಯಾಟ್ ಸಿಗುತ್ತದೆ, ಎಲ್ಲರೂ ಬೌಲ್ ಮಾಡುತ್ತಾರೆ. ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ.

ದೊಡ್ಡವರಿಗೆ ಬೇಡ. ಒಂದು ಟೂರ್ನಿಯವರು ಆಸೆಪಟ್ಟು ಇದನ್ನು ಬಯಲಿಗೆ ತಂದರು. ನಾನೇ ಸ್ಕೋರರ್. ಕೊನೆಯ ಓವರ್, ಗೆಲ್ಲಲು ಎರಡೇ ರನ್ ಬಾಕಿ. ಕ್ರೀಸ್‌ನಲ್ಲಿದ್ದವನಿಗೆ ಕಾಲು ನಡುಗುತ್ತಿದೆ. ಅವನ ಕ್ಯಾಪ್ಟನ್ ಹೊರಗಿನಿಂದ ‘ರಿಟೈರ್ ಆಗು!’ ಅಂತ ಕೂಗಿ ಇನ್ನೊಬ್ಬನನ್ನು ಇಳಿಸಿದ. ರಿಟೈರ್ ಆದರೆ 5 ಕಳೆಯಬೇಕೋ ಬೇಡವೋ? ಗಾಯ, ಕಾಯಿಲೆ ಇಲ್ಲದೆ ಹೋದವನು ಎದುರು ಕ್ಯಾಪ್ಟನ್ ಒಪ್ಪಿಗೆ ಪಡೆದು ಮತ್ತೆ ಬಂದು ಆಡದಿದ್ದರೆ ಕಾನೂನಿನಲ್ಲಿ ಅದು ಔಟ್ ಲೆಕ್ಕವೇ. ಆದರೆ ಟೂರ್ನಿಯ ಚೀಟಿಯಲ್ಲಿ ‘ವಿಕೆಟ್ ಬಿದ್ದರೆ’ ಅಂತ ಮಾತ್ರ ಇತ್ತು. ಯಾವ ವಿಕೆಟ್ಟೂ ಬಿದ್ದಿಲ್ಲ ಅಂತ ಅವನ ವಾದ. ಕಾಲು ಗಂಟೆ ಜಗಳ. ನನ್ನ ಮೇಜಿನ ಸುತ್ತ ಇಪ್ಪತ್ತೆರಡು ಜನ. ರಬ್ಬರ್ ಎಲ್ಲೋ ಬಿದ್ದುಹೋಯಿತು, ಆಮೇಲೂ ಸಿಗಲಿಲ್ಲ.

ಜಗಳ ಬಿಡಿ. ಅವತ್ತು ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಸ್ಟಂಪ್ ಹಾರಿದರೂ ಯಾರೂ ತಲೆ ತಗ್ಗಿಸಿ ನಡೆಯುತ್ತಿರಲಿಲ್ಲ. ಮುಂದಿನ ಎಸೆತಕ್ಕೆ ಅವನೇ ನಿಂತಿರುತ್ತಿದ್ದ. ಹೊಸಬ ಬರುವ ಆ ಒಂದು ನಿಮಿಷದ ಮೌನ ಮೈದಾನದಲ್ಲಿ ಇರಲೇ ಇಲ್ಲ.

ಪಂದ್ಯ ಟೈ ಆದರೆ ಏನು ಮಾಡಬೇಕು? ಸೂಪರ್ ಓವರ್ ಸರಿಯಾ?
— 2019ರ ವಿಶ್ವಕಪ್ ಫೈನಲ್ ಮರೆಯದವರು

ನೀವು ಮರೆಯಬೇಡಿ, ನಾನೂ ಮರೆಯುವುದಿಲ್ಲ. ನ್ಯೂಜಿಲೆಂಡ್ 241, ಇಂಗ್ಲೆಂಡ್ 241. ಸೂಪರ್ ಓವರ್‌ನಲ್ಲಿ, ಅಂದರೆ ಟೈ ಮುರಿಯಲು ಎರಡೂ ತಂಡ ಆಡಿದ ಒಂದೊಂದು ಓವರ್‌ನಲ್ಲಿ, 15, 15. ಬೌಂಡರಿ ಎಣಿಸಿದರು: ಇಂಗ್ಲೆಂಡ್ 26, ನ್ಯೂಜಿಲೆಂಡ್ 17. ಕಪ್ ಇಂಗ್ಲೆಂಡಿಗೆ. ಅವತ್ತು ಟಿವಿ ಮುಂದೆ ಕೂತಿದ್ದ ನನ್ನ ಕಣ್ಣು ಮೊದಲು ಹೋದದ್ದು ಇನ್ನೊಂದು ಸಾಲಿಗೆ. ನ್ಯೂಜಿಲೆಂಡ್ ಕಳೆದುಕೊಂಡದ್ದು 8 ವಿಕೆಟ್, ಇಂಗ್ಲೆಂಡ್ 10. ಸ್ಕೋರ್ ಪುಸ್ತಕದಲ್ಲಿ ರನ್ನಿನ ಪಕ್ಕದಲ್ಲೇ ಬರೆಯುವ ಅಂಕಿ ಅದು. ಅದನ್ನು ಬಿಟ್ಟು ಬೌಂಡರಿ ಎಣಿಸಲು ಹೋದರಲ್ಲ! ಓಡಿ ತೆಗೆದ ರನ್‌ಗೆ ಬೆಲೆ ಕಡಿಮೆ ಅಂತ ಯಾರು ಹೇಳಿದ್ದು? ಅದೇ ವರ್ಷ ಅಕ್ಟೋಬರ್‌ನಲ್ಲಿ ಐಸಿಸಿ ಆ ನಿಯಮ ಕೈಬಿಟ್ಟಿತು. ಈಗ ಫಲಿತಾಂಶ ಬರುವವರೆಗೆ ಸೂಪರ್ ಓವರ್ ಮೇಲೆ ಸೂಪರ್ ಓವರ್. 2024ರ ಜನವರಿಯಲ್ಲಿ ಭಾರತ ಮತ್ತು ಅಫ್ಗಾನಿಸ್ತಾನ ಬೆಂಗಳೂರಿನಲ್ಲಿ ಎರಡು ಸೂಪರ್ ಓವರ್ ಆಡಿದವು.

2007ರ ಟಿ20 ವಿಶ್ವಕಪ್‌ನಲ್ಲಿ ಇದ್ದ ‘ಬೌಲ್ ಔಟ್’ ನೆನಪಿದೆಯಾ? ಬ್ಯಾಟರ್ ಇಲ್ಲದ ಸ್ಟಂಪಿಗೆ ಚೆಂಡು ಎಸೆಯುವುದು. ಡರ್ಬನ್‌ನಲ್ಲಿ ಭಾರತದ ಸೆಹ್ವಾಗ್, ಹರ್ಭಜನ್, ಉತ್ತಪ್ಪ ಮೂವರೂ ಹೊಡೆದರು, ಪಾಕಿಸ್ತಾನದ ಮೂವರೂ ತಪ್ಪಿದರು. ಅದರಲ್ಲಿ ಸೆಹ್ವಾಗ್ ಅರೆಕಾಲಿಕ ಬೌಲರ್, ಉತ್ತಪ್ಪ ಬೌಲರ್ರೇ ಅಲ್ಲ! ನೋಡಲು ಮಜವಾಗಿತ್ತು, ಕ್ರಿಕೆಟ್ ಆಗಿರಲಿಲ್ಲ.

ನನ್ನ ಕೇಳಿದರೆ ಲೀಗ್ ಹಂತದಲ್ಲಿ ಟೈ ಟೈಯಾಗೇ ಇರಲಿ, ಅಂಕ ಹಂಚಿ. ನಾಕೌಟ್‌ನಲ್ಲಿ ಕಡಿಮೆ ವಿಕೆಟ್ ಕಳೆದುಕೊಂಡವರಿಗೆ ಗೆಲುವು. ಅದೂ ಸಮ ಆದರೆ ಸೂಪರ್ ಓವರ್. ಕಿಲಾಡಿ ಕ್ಯಾಪ್ಟನ್ ಇದನ್ನು ತಿರುಚಲು ನೋಡಿದರೆ ಏನಾಗುತ್ತದೆ? ವಿಕೆಟ್ ಉಳಿಸಿಕೊಳ್ಳಲು ನೋಡುತ್ತಾನೆ. ಮಾಡಲಿ ಬಿಡಿ.

ಟೆಸ್ಟ್ ನಾಲ್ಕು ದಿನ ಸಾಕಲ್ಲವೇ?

ದಿನ ಎಣಿಸುವ ಮೊದಲು ಎಸೆತ ಎಣಿಸಿ. ದಿನಕ್ಕೆ 90 ಓವರ್ ಅಂತ ಬರೆದಿದೆ, ಹೇಳಿದ ಹೊತ್ತಿಗೆ ಮುಗಿಸುವವರು ಅಪರೂಪ. ನಾಲ್ಕು ದಿನದ ಟೆಸ್ಟಿನಲ್ಲಿ 98 ಎಸೆಯಬೇಕಂತೆ! ನಿಧಾನದ ಓವರ್‌ಗೆ ದಂಡ ಹಾಕಿದರೆ ಕ್ಯಾಪ್ಟನ್ ಹಣ ಕಟ್ಟಿ ಸುಮ್ಮನಾಗುತ್ತಿದ್ದ. ಅಂಕ ಕಳೆದಾಗ ಮಾತ್ರ ಬಿಸಿ ಮುಟ್ಟಿತು. 2020ರ ಮೆಲ್ಬರ್ನ್ ಟೆಸ್ಟಿನಲ್ಲಿ ಆಸ್ಟ್ರೇಲಿಯಾ 4 ಅಂಕ ಕಳೆದುಕೊಂಡು, ಕೊನೆಗೆ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ತಪ್ಪಿಸಿಕೊಂಡಿತು. ಎರಡು ಓವರ್‌ಗಳ ನಡುವೆ 60 ಸೆಕೆಂಡಿನ ಗಡಿಯಾರ, ಎರಡು ಎಚ್ಚರಿಕೆ, ಆಮೇಲೆ 5 ರನ್ ದಂಡ. ಈಚಿನ ನಿಯಮಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು.

ಕಾಲದ ಮಿತಿಯೇ ಇಲ್ಲದ ಟೆಸ್ಟ್ ಕೂಡ ಆಡಿ ನೋಡಿದ್ದಾರೆ. 1939ರಲ್ಲಿ ಡರ್ಬನ್‌ನಲ್ಲಿ ಮಾರ್ಚ್ 3ಕ್ಕೆ ಶುರುವಾದದ್ದು 14ನೇ ತಾರೀಖಿಗೆ ಬಂದರೂ ಮುಗಿಯಲಿಲ್ಲ. ಇಂಗ್ಲೆಂಡಿಗೆ 696 ಬೇಕಿತ್ತು, 5 ವಿಕೆಟ್‌ಗೆ 654 ಆಗಿತ್ತು. ಅಷ್ಟರಲ್ಲಿ ಊರಿಗೆ ಹೋಗುವ ಹಡಗಿನ ಹೊತ್ತಾಯಿತು. ಡ್ರಾ. ನನಗೆ ಐದೇ ದಿನ ಇರಲಿ.

ಎಲ್ಲರ ಯೋಚನೆಗೂ ಕೊಂಕು ತೆಗೆಯುತ್ತೀರಿ. ನಿಮ್ಮದೇ ಒಂದು ಹೊಸ ನಿಯಮ ಹೇಳಿ ನೋಡೋಣ.
— ತಾಳ್ಮೆ ಕಳೆದುಕೊಂಡ ಓದುಗರು

ಹೇಳುತ್ತೇನೆ. ಟಿ20ಯಲ್ಲಿ 120 ಎಸೆತ. ಒಳ್ಳೇ ಬ್ಯಾಟರ್ ಔಟಾಗದಿದ್ದರೆ ಮೊದಲ ಎಸೆತದಿಂದ ಕೊನೆಯ ಎಸೆತದವರೆಗೂ ನಿಲ್ಲಬಹುದು. ಒಳ್ಳೇ ಬೌಲರ್‌ಗೆ ಎಷ್ಟೇ ವಿಕೆಟ್ ತೆಗೆದರೂ 24 ಎಸೆತ, ಮನೆಗೆ ಹೋಗು. ಈ ತಾರತಮ್ಯ ನನಗೆ ಮೊದಲಿಂದಲೂ ಸರಿಬಂದಿಲ್ಲ. ನನ್ನ ನಿಯಮ: ನಾಲ್ಕು ಓವರ್‌ನಲ್ಲಿ ಎರಡು ವಿಕೆಟ್ ತೆಗೆದವರಿಗೆ ಐದನೇ ಓವರ್ ಎಸೆಯುವ ಹಕ್ಕು. ಅಷ್ಟೇ.

ಸುಮ್ನೆ ಕಾಗದದ ಮೇಲೆ ಬರೆದದ್ದಲ್ಲ. ಹಿರಿಯರ ಒಂದು ಸ್ನೇಹ ಪಂದ್ಯದಲ್ಲಿ ಎರಡೂ ತಂಡದವರ ಕಾಲು ಹಿಡಿದು ಆಡಿಸಿ ನೋಡಿದೆ. ಕಿಲಾಡಿ ಕ್ಯಾಪ್ಟನ್ ಇಲ್ಲೂ ಇದ್ದ. ಎದುರಾಳಿಯ ಮುಖ್ಯ ಬೌಲರ್‌ಗೆ ಮೂರು ಓವರ್‌ನಲ್ಲಿ ಒಂದು ವಿಕೆಟ್ ಬಿದ್ದಿತ್ತು. ನಾಲ್ಕನೇ ಓವರ್ ಬಂದಾಗ ಇವನು ಹೊಡೆಯುವವರನ್ನೆಲ್ಲ ಕೂರಿಸಿ, ಟುಕ್ ಟುಕ್ ಅಂತ ತಡೆಯುವ ಒಬ್ಬರನ್ನು ಕಳಿಸಿದ. ಅವರು ಆರೂ ಎಸೆತ ತಡೆದರು. ಟಿ20ಯ 17ನೇ ಓವರ್ ಮೇಡನ್! ಆರು ಚುಕ್ಕೆ ಸೇರಿಸಿ ‘ಎಂ’ ಅಕ್ಷರ ಬರೆಯುವಾಗ ನನ್ನ ಕೈ ನಡುಗಿತು. ನೋಡಲು ಬಂದಿದ್ದ ಹನ್ನೊಂದು ಜನ ಎದ್ದು ಚಪ್ಪಾಳೆ ತಟ್ಟಿದರು. ರನ್ ಬರದ ಓವರ್‌ಗೆ.

ತೊಡಕೂ ಬಂತು. ಇನ್ನೊಬ್ಬ ಬೌಲರ್ ತನ್ನ ಓವರ್‌ನಲ್ಲಿ ಆದ ರನೌಟನ್ನೂ ಲೆಕ್ಕಕ್ಕೆ ಸೇರಿಸಿ ಅಂತ ಹಟ ಹಿಡಿದರು. ಚೆಂಡು ತಡೆದದ್ದು ಅವರೇ, ಎಸೆದದ್ದೂ ಅವರೇ. ನಿಯಮ ಬರೆದವನು ನಾನು, ರನೌಟಿನ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಬೇಡ ಅಂದೆ. ಅವರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಅವತ್ತು ಎರಡು ವಿಕೆಟ್ ಸರಿಯಾಗಿ ತೆಗೆದು ಐದನೇ ಓವರ್ ಗಳಿಸಿದವರು ಒಬ್ಬರೇ, 52 ವರ್ಷದ ಆಫ್ ಸ್ಪಿನ್ನರ್. ನನ್ನ ಹಾಳೆಯಲ್ಲಿ ಒಬ್ಬ ಬೌಲರ್‌ಗೆ ನಾಲ್ಕೇ ಮನೆ. ಐದನೇದನ್ನು ಅಂಚಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಮಾಡಿದೆ. ಅವರು ನನ್ನ ಕಡೆ ನೋಡಿ ಕೈಮುಗಿದು ಎಸೆಯಲು ಹೋದರು. ಆ ಓವರ್‌ನಲ್ಲಿ 19 ರನ್ ಕೊಟ್ಟರು, ಪಂದ್ಯವೂ ಹೋಯಿತು. ಸಂಜೆ ಹಾಳೆ ನೋಡಲು ಮೇಜಿನ ಹತ್ತಿರ ಬಂದವರು ಕೇಳಿದ್ದು ಒಂದೇ: ‘ಇನ್ನೊಂದು ವಿಕೆಟ್ ಬಿದ್ದಿದ್ದರೆ ಆರನೇದೂ ಕೊಡ್ತಿದ್ರಾ?’